ಡೆನ್ಮಾರ್ಕಿನ ಕುರ್ಚಿಗಳ ಚಿತ್ರ ಹಾಕುವವರ ಗಮನಕ್ಕೆ

ಮಾನ್ಯ ಸದಸ್ಯರೇ, ಡೆನ್ಮಾರ್ಕಿನ ಪೀಠೋಪಕರಣಗಳ ಚಿತ್ರ ಹಂಚಿಕೊಳ್ಳುವವರು ಹೊರನೋಟದ ಜೊತೆಗೆ ಮರದ ಜೋಡಣೆ, ಹೆಣಿಗೆಗಳನ್ನೂ ಹತ್ತಿರದಿಂದ ತೋರಿಸಬೇಕೆಂದು ವಿನಂತಿ. ಇವುಗಳಲ್ಲಿ ಹಲವು ರೂಪುಗೊಂಡು 70 ವರ್ಷ ಕಳೆದರೂ ಬೇಡಿಕೆ ಕುಗ್ಗದಿರಲು ಕಾರಣ ಅಲ್ಲಿಯೇ ಇದೆ. ಅಲ್ಲಿನ ಪೀಠೋಪಕರಣ ವಿನ್ಯಾಸಕಾರ ಹಾನ್ಸ್ ವೆಗ್ನರ್ 1949ರಲ್ಲಿ ರೂಪಿಸಿದ, ಬೆನ್ನಿನಲ್ಲಿ ಇಂಗ್ಲಿಷಿನ ವೈ ಅಕ್ಷರದಂತಹ ಪಟ್ಟಿಯಿರುವ ಕುರ್ಚಿಯನ್ನೇ ನೋಡಿ: ಬೆನ್ನಿಗೂ ತೋಳಿಗೂ ಆಸರೆಯಾಗುವ ಮೇಲಿನ ಮರವನ್ನು ಹಬೆಯಲ್ಲಿ ಬಾಗಿಸಿ, ಆಸನವನ್ನು ಸುಮಾರು 120 ಮೀಟರ್ ಕಾಗದದ ಹುರಿಯಿಂದ ಕೈಯಲ್ಲೇ ಹೆಣೆಯುತ್ತಾರೆ. ಕಾಗದವೆಂದು ಹಗುರವಾಗಿ ಕಾಣಬೇಡಿ. ಬಿಗಿಯಾಗಿ ಹೊಸೆದ ಆ ಹುರಿ ದಶಕಗಟ್ಟಲೆ ಬಾಳುತ್ತದೆ, ಸವೆದರೆ ಚೌಕಟ್ಟನ್ನು ಉಳಿಸಿಕೊಂಡು ಆಸನವನ್ನಷ್ಟೇ ಮತ್ತೆ ಹೆಣೆಸಬಹುದು. ನನ್ನ ಮಟ್ಟಿಗೆ ವೆಗ್ನರರ ಜಾಣ್ಮೆ ಅಂದಕ್ಕಿಂತ ಈ ದುರಸ್ತಿಯ ಅನುಕೂಲದಲ್ಲೇ ಹೆಚ್ಚು ಕಾಣುತ್ತದೆ. ಕಾರ್ಲ್ ಹಾನ್ಸನ್ ಸಂಸ್ಥೆ ಇದನ್ನು 1950ರಿಂದಲೂ ತಯಾರಿಸುತ್ತಿದೆ. ಮಾರುಕಟ್ಟೆಯಲ್ಲಿ ನಕಲುಗಳೂ ಇರುವುದರಿಂದ, ಅಂಥವುಗಳ ಚಿತ್ರ ಹಾಕುವವರು ಹಾಗೆಂದು ತಪ್ಪದೆ ನಮೂದಿಸಬೇಕು.