20 ಚೀಲ ಬಿತ್ತಿ 17 ಚೀಲ ಕಿತ್ತವನ ಪತ್ರ

ಲೋ ಅರ್ಧ ಟಿಕೆಟ್ಟು,

ಹೇಗಿದ್ದೀಯ ಅಂತ ಕೇಳುವುದಿಲ್ಲ. ನಿನ್ನ ಸ್ಟೇಟಸ್ ನೋಡಿದೆ, ಚೆನ್ನಾಗೇ ಇದ್ದೀಯ. ಹೊಟ್ಟೆ ಬಂದಿದೆ. ಫೋನ್ ಮಾಡಿ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನೀನು ಮಧ್ಯೆ ಬಾಯಿ ಹಾಕುತ್ತೀಯ. ಇಲ್ಲಿ ಬರೆದರೆ ನಾಲ್ಕು ಜನ ಓದುತ್ತಾರೆ. ಅವರ ಮುಂದೆ ಮರ್ಯಾದೆ ಉಳಿಸಿಕೊಳ್ಳೋಕಾದರೂ ಕೊನೆವರೆಗೆ ಓದುತ್ತೀಯ.

ಈ ಸಲ ನಾನು ಆಲೂಗಡ್ಡೆ ಹಾಕಿದ್ದು ಗೊತ್ತಲ್ಲ. ಅಪ್ಪ ಹೋದ ಮೇಲೆ ಹಾಸನದ ಹತ್ತಿರ ನಮ್ಮೂರು ದುದ್ದದ ಆ ಎರಡು ಎಕರೆಯನ್ನು ಜೋಳಕ್ಕೆ, ಶುಂಠಿಗೆ ಅಂತ ಯಾರ್ಯಾರಿಗೋ ಗುತ್ತಿಗೆ ಕೊಡುತ್ತಾ ಬಂದಿದ್ದೆ. ಈ ವರ್ಷ ಜ್ಞಾನೋದಯ ಆಯಿತು. ನಲವತ್ತೈದು ದಾಟಿದ ಗಂಡಸರಿಗೆ ಬರುವ ಮೂರು ಕಾಯಿಲೆಗಳಲ್ಲಿ ಅದೂ ಒಂದು. ಉಳಿದೆರಡು ಸಕ್ಕರೆ ಮತ್ತು ವಾಕಿಂಗು. ‘ಇನ್ಮೇಲೆ ನನ್ನ ಜೀವನ ನನ್ನ ಕೈಯಲ್ಲಿ’ ಅಂತ ಹೆಂಡತಿಗೆ ಹೇಳಿದೆ. ‘ಸೊಸೈಟಿ ಸಾಲ ಯಾರ ಕೈಯಲ್ಲಿ?’ ಅಂದಳು. ಕೇಳಿಸದವನ ಹಾಗೆ ಎದ್ದು ಹೋದೆ.

ಮೇ ತಿಂಗಳಲ್ಲಿ ಹಾಸನದ ಎಪಿಎಂಸಿಗೆ ಹೋಗಿ 20 ಚೀಲ ಬಿತ್ತನೆ ಗಡ್ಡೆ ತಂದೆ. ಹಾಸನದ ಆಲೂಗಡ್ಡೆ ಅಂತ ನಮಗೆಲ್ಲ ಹೆಮ್ಮೆ. ಬೀಜ ಮಾತ್ರ ಪಂಜಾಬಿನ ಜಲಂಧರ್‌ನಿಂದ ಲಾರಿಯಲ್ಲಿ ಬರಬೇಕು. ಅದೇ ಕುಫ್ರಿ ಜ್ಯೋತಿ. 1968ರ ತಳಿ, ನಮ್ಮಿಬ್ಬರಿಗಿಂತ ದೊಡ್ಡದು. ಬಂದ ಹೊಸದರಲ್ಲಿ ಅಂಗಮಾರಿ ರೋಗವನ್ನು ಚೆನ್ನಾಗಿ ತಡೆಯುತ್ತಿತ್ತಂತೆ. ಈಗ ಅದಕ್ಕೂ ಕೈಲಾಗುವುದಿಲ್ಲ.

ಗಡ್ಡೆ ಕೊಯ್ಯುವುದು ನೆನಪಿದೆಯಾ ನಿನಗೆ? ನಮ್ಮ ಜಗಲಿ ಮೇಲೆ ಗೋಣಿ ಹಾಸಿಕೊಂಡು ಕೂರುತ್ತಿದ್ದೆವು. ಒಂದೊಂದು ಹೋಳಿಗೂ ಎರಡಾದರೂ ಕಣ್ಣು ಇರಬೇಕು. ಕೊಳೆತ ಗಡ್ಡೆಗೆ ತಾಗಿದ ಚಾಕುವನ್ನು ಹಾಗೇ ಇನ್ನೊಂದಕ್ಕೆ ಹಾಕಬಾರದು. ಅಪ್ಪ ಪಕ್ಕದಲ್ಲಿ ಒಂದು ಡಬ್ಬಿಯಲ್ಲಿ ಔಷಧಿ ನೀರು ಇಟ್ಟುಕೊಂಡಿರುತ್ತಿದ್ದರು. ಅದ್ದುವುದು, ಕೊಯ್ಯುವುದು, ಅದ್ದುವುದು, ಕೊಯ್ಯುವುದು. ದಿನವಿಡೀ ಅದೇ ತಾಳ. ನಾನೂ ಹಾಗೇ ಮಾಡಿದೆ. ಮೊದಲ ನಾಲ್ಕು ಚೀಲ. ಆಮೇಲೆ ಸೊಂಟ ಹಿಡಿಯಿತು. ಡಬ್ಬಿ ನೀರು ಕೆಸರಾಯಿತು, ಬದಲಾಯಿಸಲಿಲ್ಲ. ಕಣ್ಣಿಲ್ಲದ ಹೋಳೂ ಬುಟ್ಟಿಗೆ ಬಿತ್ತು. ಯಾರೂ ನೋಡುತ್ತಿರಲಿಲ್ಲ.

ಆದರೂ ಬೆಳೆ ಬಂತು ಕಣೋ. ಸಾಲು ಸಾಲು ಹಸಿರು, ಮೇಲೆ ಬಿಳಿ ಹೂವು. ಫೋಟೋ ಹಾಕಿದ್ದೆ. ಅದಕ್ಕೆ ನೀನು ಬರೆದ ಕಾಮೆಂಟನ್ನು ನಾನಿನ್ನೂ ಕ್ಷಮಿಸಿಲ್ಲ. ಮೂರನೇ ಇಡ್ಲಿ ವಿಷಯವನ್ನು ನನ್ನ ಆಫೀಸಿನವರೂ ಇರುವ ಕಡೆ ತರಬಾರದಿತ್ತು.

ಜುಲೈನಲ್ಲಿ ಮೋಡ ಮುಚ್ಚಿತು. ಜೋರು ಮಳೆಯಲ್ಲ. ಸೋನೆ, ಮಂಜು, ಮತ್ತೆ ಸೋನೆ. ಪಕ್ಕದ ಹೊಲದ ಅಜ್ಜಿ ಫೋನ್ ಮಾಡಿದರು. ‘ಮೋಡ ಹಿಡಿದೈತೆ ಕಣಪ್ಪ. ರೋಗ ಬರೋಕ್ ಮುಂಚೇನೇ ಔಷಧಿ ಹೊಡ್ಸು.’ ಸರಿಯಾದ ಮಾತು. ಮ್ಯಾಂಕೋಜೆಬ್ ಅನ್ನುವ ಆ ಔಷಧಿ ಏನಿದ್ದರೂ ರೋಗ ಬರುವ ಮೊದಲು ಎಲೆ ಕಾಯುತ್ತದೆ, ಒಳಗೆ ಹೊಕ್ಕ ಮೇಲೆ ಅದು ಏನೂ ಮಾಡಲಾರದು. ನನಗೆ ಇದೆಲ್ಲ ಗೊತ್ತಿತ್ತು. ಯಾಕೆಂದರೆ ನಾನು ಹಾಸನದ ಮನೆಯಲ್ಲಿ ಮಲಗಿಕೊಂಡು ರಾತ್ರಿ ಎರಡರವರೆಗೆ ಮೊಬೈಲಿನಲ್ಲಿ ಅಂಗಮಾರಿ ಬಗ್ಗೆ ಓದುತ್ತಿದ್ದೆ. ಅದರ ಹೆಸರು ಫೈಟಾಫ್ತೊರಾ ಇನ್ಫೆಸ್ಟನ್ಸ್. ನೋಡೋಕೆ ಬೂಷ್ಟಿನ ಹಾಗಿದ್ದರೂ ನಿಜವಾದ ಶಿಲೀಂಧ್ರ ಅಲ್ಲವಂತೆ, ಪಾಚಿಯ ಕಡೆಯ ನೆಂಟ. 1845ರಲ್ಲಿ ಐರ್ಲೆಂಡಿನ ಹೊಲಗಳಿಗೆ ನುಗ್ಗಿದ್ದು ಇದೇ. ಆ ಬರಗಾಲದಲ್ಲಿ ಹತ್ತು ಲಕ್ಷ ಜನ ಸತ್ತರು. ಅಷ್ಟೇ ಜನ ಊರು ಬಿಟ್ಟು ಹಡಗು ಹತ್ತಿದರು. ಓದುತ್ತಾ ಕಣ್ಣಲ್ಲಿ ನೀರು ಬಂತು ಅಂದರೆ ನಂಬುತ್ತೀಯಾ? ಐರ್ಲೆಂಡಿನ ರೈತರಿಗಾಗಿ ಅತ್ತೆ. ಅರ್ಧ ಗಂಟೆ ದೂರದ ನನ್ನ ಹೊಲಕ್ಕೆ ಹೋಗಲಿಲ್ಲ. ಸಂಜೆ ಆದರೆ ಅಜ್ಜಿಗೆ ಫೋನ್ ಮಾಡಿ ‘ಹೊಲ ಹೇಗಿದೆ?’ ಅಂತ ಕೇಳುತ್ತಿದ್ದೆ.

ಐದನೇ ದಿನ ಬೆಳಿಗ್ಗೆ ಹೋದೆ. ಎಲೆಯ ಅಂಚು ಬಿಸಿನೀರು ಬಿದ್ದ ಹಾಗೆ ಬೆಂದು ಕಪ್ಪಾಗಿತ್ತು. ಒಂದು ಎಲೆ ಮಗುಚಿದೆ. ಅಡಿಯಲ್ಲಿ ಕಪ್ಪಿನ ಸುತ್ತ ಬೆಳ್ಳಗೆ ಸಣ್ಣ ನವಿರು, ಬೆರಳಿಟ್ಟರೆ ಅಳಿಸಿಹೋಗುವಷ್ಟು ತೆಳು. ವಾಸನೆ ಮಾತ್ರ ಬದುವಿನವರೆಗೂ ಬಂದಿತ್ತು. ಮುಂದಿನ ವಾರ ಹೊಲದಲ್ಲಿ ದಂಟು ಬಿಟ್ಟು ಏನೂ ಇರಲಿಲ್ಲ.

ಬಿತ್ತಿದ್ದು 20 ಚೀಲ. ಕಿತ್ತಿದ್ದು 17. ಗಣಿತದ ಮೇಷ್ಟ್ರು ಇದ್ದಿದ್ದರೆ ನನ್ನನ್ನು ಬೋರ್ಡಿನ ಹತ್ತಿರ ಕರೆಯುತ್ತಿದ್ದರು, ಅಲ್ವಾ?

ಆಮೇಲೆ ಒಂದು ತಿಂಗಳು ಸಿಕ್ಕವರಿಗೆಲ್ಲ ಕತೆ ಹೇಳಿದೆ. ಮಳೆ ಕೆಡಿಸಿತು. ಬೀಜ ಸರಿ ಇರಲಿಲ್ಲ. ಔಷಧಿಯಲ್ಲೇ ಏನೋ ಕಲಬೆರಕೆ. ಆಫೀಸಿನಲ್ಲಿ ಆಡಿಟ್. ಹೆಂಡತಿಯ ತಮ್ಮನ ಮದುವೆ. ಕತೆ ಚೆನ್ನಾಗಿತ್ತು, ಹೇಳ್ತಾ ಹೇಳ್ತಾ ಪಾಲಿಶ್ ಆಯಿತು. ಒಂದು ದಿನ ಬದುವಿನ ಮೇಲೆ ನಿಂತು ಅಜ್ಜಿಗೂ ಹೇಳಿದೆ. ಅವರು ಎಲೆಯಡಿಕೆ ಅಗಿಯುತ್ತಾ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಂದರು: ‘ಮಳೆ ನನ್ ಹೊಲಕ್ಕೂ ಬಂತಲ್ಲಪ್ಪ.’

ಅವರಿಗೂ ನಷ್ಟವೇ. ಒಳ್ಳೆ ವರ್ಷದಲ್ಲಿ ಬರೋದರಲ್ಲಿ ಅರ್ಧ ಬಂದಿದೆ. ಆದರೂ ನನ್ನಷ್ಟೇ ನೆಲ, ನನ್ನಷ್ಟೇ ಬೀಜ, 90 ಚೀಲ.

ಇಲ್ಲೊಂದು ಮಾತು. ‘ಎಲ್ಲ ನಮ್ಮ ಕೈಯಲ್ಲೇ ಇದೆ’ ಅಂತ ಭಾಷಣ ಮಾಡುವವರನ್ನು ಕಂಡರೆ ನನಗೆ ಈಗಲೂ ಆಗುವುದಿಲ್ಲ. ಎಲ್ಲ ಸರಿಯಾಗಿ ಮಾಡಿದವರ ಹೊಲವೂ ಹೋಗಿದೆ. ನಮ್ಮ ಕಡೆ ಎಷ್ಟೋ ಜನ ಆಲೂಗಡ್ಡೆ ಬಿಟ್ಟು ಜೋಳಕ್ಕೆ ಹೋಗಿದ್ದು ಸೋಮಾರಿತನಕ್ಕಲ್ಲ. ಅವರ ಮುಂದೆ ಹೋಗಿ ‘ಜವಾಬ್ದಾರಿ ತಗೊಳ್ಳಿ’ ಅಂದರೆ ಗುದ್ದಲಿ ಕಾವಿನಲ್ಲಿ ಹೊಡೆಯುತ್ತಾರೆ, ಹೊಡೆಯಲೂ ಬೇಕು. ಮಳೆಯ ಪಾಲು ಮಳೆಗೆ. ನನ್ನ ತೊಂದರೆ ಏನೆಂದರೆ, ಲೆಕ್ಕ ಹಾಕುವಾಗ ನಾನು ಮಳೆಯ ಪಾಲನ್ನು ಪೈಸೆ ಬಿಡದೆ ಎಣಿಸುತ್ತೇನೆ. ನನ್ನ ಪಾಲು ಬಂದಾಗ ಪೆನ್ನು ಖಾಲಿಯಾಗಿರುತ್ತದೆ.

ಅವತ್ತಿನಿಂದ ಒಂದು ಹಳೇ ಬಸ್ಸು ತಲೆಯಲ್ಲಿ ಓಡುತ್ತಿದೆ.

(ಓದುತ್ತಿರುವ ಉಳಿದವರಿಗೆ: 2002ರಲ್ಲಿ ನಾವಿಬ್ಬರೂ ನಾಟಕದ ಹುಚ್ಚರು. ನೀನಾಸಂ ತಿರುಗಾಟ ಹಾಸನಕ್ಕೆ ಬಂದರೆ ಮುಂದಿನ ಸಾಲು ನಮ್ಮದು. ಹೆಗ್ಗೋಡಿನ ಅವರ ರಂಗಶಿಕ್ಷಣ ಕೇಂದ್ರಕ್ಕೆ ಅರ್ಜಿ ಹಾಕಿದ್ದೆ. ಸಂದರ್ಶನಕ್ಕೆ ಕಾಗದ ಬಂತು. ನಾನು ಹೋಗಲಿಲ್ಲ. ಅಪ್ಪ ಬಿಡಲಿಲ್ಲ. ನನ್ನ ಹತ್ತಿರ ಒಂದು ಸಲ ಕಾಫಿ ಕುಡಿದವರಿಗೂ ಈ ಕತೆ ಗೊತ್ತು.)

ಅಪ್ಪ ಬಿಟ್ಟಿದ್ದರು ಕಣೋ.

ಗಿಡಕ್ಕೆ ಮಣ್ಣೇರಿಸುವ ಕೆಲಸ ನಡೀತಿತ್ತು, ಆಳು ಸಾಲದೆ ಒದ್ದಾಡುತ್ತಿದ್ದರು. ಆದರೂ ಸಾಲಿನ ಮಧ್ಯೆಯೇ ನಿಂತು ಅಂಗಿ ಜೇಬಿನಿಂದ 500ರ ನೋಟು ತೆಗೆದುಕೊಟ್ಟರು. ನೋಟಿನ ತುಂಬ ಕೆಂಪು ಮಣ್ಣು. ‘ಆ ಕಡೆ ಮಳೆ ಜಾಸ್ತಿ. ಛತ್ರಿ ತಗೊಂಡ್ ಹೋಗು’ ಅಂದರು. ಅಷ್ಟೇ. ಹೊರಡುವ ಹಿಂದಿನ ರಾತ್ರಿ ಹಾಸನದ ನಿನ್ನ ರೂಮಿನಲ್ಲೇ ಮಲಗಿದ್ದೆನಲ್ಲ. ಬೆಳಿಗ್ಗೆ ನೀನಿನ್ನೂ ಗೊರಕೆ ಹೊಡೆಯುತ್ತಿದ್ದೆ.

ಬಸ್ಸು ಬಂತು. ಹತ್ತಿದೆ. ಶಿವಮೊಗ್ಗಕ್ಕೆ ಟಿಕೆಟ್ ತಗೊಂಡೆ, ಅಲ್ಲಿಂದ ಸಾಗರ, ಹೆಗ್ಗೋಡು ಅಂತ ಚೀಟಿಯಲ್ಲಿ ಬರೆದುಕೊಂಡಿದ್ದೆ. ಕಿಟಕಿ ಪಕ್ಕದ ಸೀಟು. ಮನಸ್ಸಿನಲ್ಲೇ ಮಾತು ಒಪ್ಪಿಸಿಕೊಳ್ಳುತ್ತಿದ್ದೆ. ಎರಡು ಸಲ ಸರಿಯಾಯಿತು, ಮೂರನೇ ಸಲ ಒಂದು ಸಾಲು ಮರೆತೆ. ಮೈ ತಣ್ಣಗಾಯಿತು. ಅವರು ಬೇಡ ಅಂದುಬಿಟ್ಟರೆ? ಹಾಸನದಲ್ಲಿ ನಾನು ದೊಡ್ಡ ನಟ, ನೀನೇ ಊರೆಲ್ಲ ಹೇಳಿಕೊಂಡು ಬಂದಿದ್ದೆ. ಅಲ್ಲಿಗೆ ಹೋದರೆ ಗೊತ್ತಾಗಿಬಿಡುತ್ತದೆ. ಹೋಗದಿದ್ದರೆ ಸಾಯುವವರೆಗೂ ದೊಡ್ಡ ನಟನೇ.

ಆ ಬಸ್ಸು ದುದ್ದದ ಮೇಲೇ ಹೋಗಬೇಕಲ್ಲ. ಯಾರೋ ಇಳಿಯುವವರಿದ್ದರು, ನಿಂತಿತು. ನಾನೂ ಎದ್ದೆ. ‘ರೀ, ಶಿವಮೊಗ್ಗ ಅಂದ್ರಲ್ಲ, ಇದು ದುದ್ದ’ ಅಂದ ಕಂಡಕ್ಟರ್. ‘ಹೊಟ್ಟೆನೋವು’ ಅಂದೆ. ಮಧ್ಯಾಹ್ನದವರೆಗೆ ಬಸ್ ಸ್ಟಾಪಿನಲ್ಲೇ ಕೂತಿದ್ದೆ, ಛತ್ರಿ ಮಡಿಲಲ್ಲಿಟ್ಟುಕೊಂಡು. ಆ ಕಡೆಗೆ ಇನ್ನೂ ಮೂರು ಬಸ್ಸು ಹೋದವು. ಎಣಿಸಿದೆ.

ಅಪ್ಪನಿಗೆ ಬಸ್ಸು ಕೆಟ್ಟು ನಿಂತಿತು ಅಂದೆ. ‘ಇನ್ನೊಂದು ಬಸ್ ಬರಲಿಲ್ವಾ?’ ಅಂದರು. ಒಂದೇ ಸಲ. ಮತ್ತೆ ಯಾವತ್ತೂ ಆ ಮಾತು ಎತ್ತಲಿಲ್ಲ.

ನಿನಗೆ ಮಾತ್ರ ಬೇರೆ ಕತೆ. ಅಪ್ಪ ಬಿಡಲಿಲ್ಲ, ಆಲೂಗಡ್ಡೆ ಕೆಲಸ ಅಂದುಬಿಟ್ಟರು. ನೀನು ಕೆಂಡ ಆದೆ. ಎರಡು ವರ್ಷ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ಅಪ್ಪ ಎರಡು ಮೂರು ಸಲ ಕೇಳಿದರು, ‘ಅರ್ಧ ಟಿಕೆಟ್ಟು ಯಾಕೆ ಬರ್ತಿಲ್ಲ ಈಗ?’ ಆ ಹೆಸರಿಟ್ಟವರೂ ಅವರೇ ತಾನೇ. ಓದು ಜಾಸ್ತಿಯಂತೆ ಅಂದೆ.

ಅವರನ್ನು ಮಣ್ಣು ಮಾಡಿ ಬರುವಾಗ ನೀನು ನನ್ನ ಹೆಗಲ ಮೇಲೆ ಕೈ ಹಾಕಿ ಒಂದು ಮಾತು ಅಂದೆ. ‘ಒಳ್ಳೆಯವರು ಕಣೋ. ಅವತ್ತು ಒಂದು ಸಲ ಬಿಟ್ಟಿದ್ದಿದ್ದರೆ...’ ನಾನು ಹೌದು ಅಂತ ತಲೆ ಆಡಿಸಿದೆ.

ಕೈಕಾಲಿಗೆ ಹತ್ತಿದ ಆ ಮಣ್ಣನ್ನು ಇನ್ನೂ ತೊಳೆದುಕೊಂಡಿರಲಿಲ್ಲ ನಾನು.

ಸರಿ, ಸಾಕು. ಆಲೂಗಡ್ಡೆ ಬಗ್ಗೆ ನಾಲ್ಕು ಸಾಲು ಬರೆಯೋಣ ಅಂತ ಕೂತವನು ಎಲ್ಲಿಗೆ ಬಂದೆ ನೋಡು. ಹೆಂಡತಿ ಎರಡು ಸಲ ಇಣುಕಿ ನೋಡಿ ಹೋದಳು, ‘ಯಾರಿಗೆ ಅಷ್ಟುದ್ದ ಮೆಸೇಜು?’ ಅಂತ. ನಿನಗೆ ಅಂದರೆ ನಂಬಲಿಲ್ಲ. ಬೈಯುವುದಿದ್ದರೆ ಫೋನ್ ಮಾಡಿ ಬೈಯಿ. ಇಲ್ಲಿ ಕೆಳಗೆ ಬೈಯಬೇಡ, ಆಫೀಸಿನವರು ಇದ್ದಾರೆ.

ಇನ್ನೊಂದು ಸುದ್ದಿ. ನಗಬೇಡ. ಊರಿನವರು ಕುರುಕ್ಷೇತ್ರ ಆಡುತ್ತಿದ್ದಾರೆ, ನಾನೂ ಸೇರಿದ್ದೇನೆ. ಗೊತ್ತು, ಗೊತ್ತು. ಕಿರೀಟ, ಗದೆ, ಒಂದು ಮಾತಿಗೆ ಎರಡು ಹಾಡು ಅಂತ ನಾವಿಬ್ಬರೂ ಎಷ್ಟು ಆಡಿಕೊಂಡಿದ್ದೇವೆ. ಆದರೆ ಇವರು ದಿನವಿಡೀ ಹೊಲದಲ್ಲಿ ದುಡಿದು, ರಾತ್ರಿ ಎಂಟಕ್ಕೆ ಬಂದು ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಬೈಸಿಕೊಂಡು, ಹನ್ನೆರಡರವರೆಗೆ ಹಾಡುತ್ತಾರೆ. ಅದೂ ಕೈಯಿಂದ ದುಡ್ಡು ಕೊಟ್ಟು! ದುರ್ಯೋಧನನ ಪಾತ್ರಕ್ಕೆ 25,000. ಸಿಮೆಂಟ್ ಅಂಗಡಿಯವನು ಹೊಡೆದುಕೊಂಡ. ಕೃಷ್ಣನೂ ಹೋದ. 17 ಚೀಲದ ಬಜೆಟ್ಟಿಗೆ ಸಿಕ್ಕಿದ್ದು ಧೃತರಾಷ್ಟ್ರ, 3,000 ರೂಪಾಯಿ. ಕೂತೇ ಇರಬಹುದು, ಸೊಂಟಕ್ಕೂ ಒಳ್ಳೆಯದು.

ಮೊದಲ ದಿನ ಮೇಷ್ಟ್ರು ಶ್ರುತಿ ಹಿಡಿದು ‘ಹೂಂ’ ಅಂದರು. ಬಾಯಿ ಒಣಗಿತು. ಬಾಗಿಲು ಹತ್ತಿರದಲ್ಲೇ ಇತ್ತು, ಚಪ್ಪಲಿಯೂ ಕಾಣುತ್ತಿತ್ತು. ಹಾಡಿದೆ. ‘ಧ್ವನಿ ಪರವಾಗಿಲ್ಲ. ತಾಳ ಮಾತ್ರ ದೇವರಿಗೇ ಪ್ರೀತಿ’ ಅಂದರು. ಇಪ್ಪತ್ತಮೂರು ವರ್ಷ ಹೆದರಿದ್ದು ಈ ಮಾತಿಗಾ ಅನ್ನಿಸಿ ನಗು ಬಂತು. ಮಾರನೇ ದಿನವೂ ಹೋದೆ.

ಪಾತ್ರದ ವಿಷಯ ಅಜ್ಜಿಗೆ ಹೇಳಿದೆ. ಅವರು ಎಲೆಯಡಿಕೆ ಉಗಿದು ಬಂದು, ‘ನಿಂಗೆ ಸರಿಯಾಗೈತೆ ಬಿಡು. ಮನೇಲಿ ಕೂತ್ಕಂಡು ಹೊಲದಲ್ಲಿ ಏನಾಯ್ತು ಅಂತ ಕೇಳೋ ಪಾತ್ರ ತಾನೆ’ ಅಂದರು.

ಹಾಸನಾಂಬೆ ಬಾಗಿಲು ಹಾಕಿದ ಮೇಲಿನ ಭಾನುವಾರ, ಹಾಸನಾಂಬ ಕಲಾಕ್ಷೇತ್ರದಲ್ಲಿ. ಮುಂದಿನ ಸಾಲಿನಲ್ಲಿ ನಿನಗೊಂದು ಕುರ್ಚಿ ಹಿಡಿದಿರುತ್ತೇನೆ.

ನಿನ್ನ ವಿಳಾಸಕ್ಕೆ ಅರ್ಧ ಚೀಲ ಆಲೂಗಡ್ಡೆ ಬಸ್ಸಿಗೆ ಹಾಕಿದ್ದೇನೆ. ನಾಳೆ ಬೆಳಿಗ್ಗೆ ಹೋಗಿ ಇಳಿಸಿಕೋ. ಅರ್ಧ ಚೀಲ ತಾನೇ ಅಂದರೂ ಕಂಡಕ್ಟರ್ ಬಿಡಲಿಲ್ಲ, ಫುಲ್ ಟಿಕೆಟ್ ಹರಿದ.

ನಿನ್ನ,
ದೊಡ್ಡ ನಟ