ಮಾಳಿಗೆ ಮೇಲಿನ ಸೋಲಾರ್ ಪ್ಯಾನೆಲ್ ಧೂಳು: ಒಮ್ಮೆ ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಬೇಸಿಗೆ ಬಂತು, ಹುಬ್ಬಳ್ಳಿ ಗೋಕುಲ ರಸ್ತೆಯ ಧೂಳೆಲ್ಲ ನಮ್ಮ ಮಾಳಿಗೆ ಮೇಲೆಯೇ ಕೂರುತ್ತಿದೆ. ಜೂನ್ ಮಳೆ ತೊಳೆಯುತ್ತದೆ ಅಂತ ಸುಮ್ನೆ ಇರಬೇಡಿ, ಧೂಳು ಬಿಸಿಲನ್ನು ತಡೆಯುವುದರಿಂದ ಅಲ್ಲಿವರೆಗೆ ಕರೆಂಟ್ ಯೂನಿಟ್ ನಷ್ಟ ಆಗುತ್ತಲೇ ಇರುತ್ತದೆ.

ದಿನಾ ಸಂಜೆ ಸೋಲಾರ್ ಇನ್ವರ್ಟರ್‌ನಲ್ಲಿ (ಪ್ಯಾನೆಲ್ ಕರೆಂಟನ್ನು ಮನೆ ಬಳಕೆಗೆ ಬದಲಿಸುವ ಪೆಟ್ಟಿಗೆ) ಆ ದಿನದ ಯೂನಿಟ್ ನೋಡಿ ಬರೆದಿಡಿ. ಒಳ್ಳೆ ಬಿಸಿಲಿದ್ದರೆ 1 ಕಿಲೋವ್ಯಾಟ್ ಪ್ಯಾನೆಲ್‌ಗೆ ದಿನಕ್ಕೆ ಸುಮಾರು 4 ಯೂನಿಟ್ ಬರಬೇಕು. ಮೋಡದ ದಿನದ ಲೆಕ್ಕ ಬಿಡಿ. ಬಿಸಿಲಿದ್ದೂ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಮೊದಲು ಧೂಳನ್ನೇ ನೋಡಿ. ಅನುಮಾನ ಇದ್ದರೆ ತೊಳೆದು, ಮರುದಿನದ ಯೂನಿಟ್ ಜೊತೆ ಹೋಲಿಸಿ. ಎಷ್ಟು ನಷ್ಟ ಆಗುತ್ತಿತ್ತು ಅಂತ ತಿಳಿಯುತ್ತದೆ.

ಕೆಳಗಿನ ಅಂಚನ್ನು ಮರೀಬೇಡಿ. ಸಣ್ಣ ಮಳೆ ಬಿದ್ದರೆ ಧೂಳು ಕೆಸರಾಗಿ ಅಲ್ಲೇ ಒಣಗುತ್ತದೆ. ಪ್ಯಾನೆಲ್ ಒಳಗೆ ಕರೆಂಟ್ ಮಾಡುವ ಸಣ್ಣ ಚೌಕಗಳನ್ನು, ಅಂದರೆ ಸೆಲ್‌ಗಳನ್ನು, ಒಂದರಿಂದ ಇನ್ನೊಂದಕ್ಕೆ ಕರೆಂಟ್ ಹರಿಯುವಂತೆ ಸಾಲಾಗಿ ಜೋಡಿಸಿರುತ್ತಾರೆ, ಹಾಗಾಗಿ ಒಂದೇ ಸಾಲು ಮುಚ್ಚಿದರೂ ಪೆಟ್ಟು ಜಾಸ್ತಿ. ಪಾರಿವಾಳದ ಹಿಕ್ಕೆ ಇನ್ನೂ ಕೆಟ್ಟದ್ದು, ಆ ಜಾಗ ವಿಪರೀತ ಕಾದು ಸೆಲ್ ಹಾಳಾಗಬಹುದು.

ಬೆಳಿಗ್ಗೆ ಬೇಗ ತೊಳೆಯಿರಿ. ಕಾದ ಗಾಜಿಗೆ ತಣ್ಣೀರು ಬೇಡವೇ ಬೇಡ. ಬೋರ್ ನೀರಿಗಿಂತ ನಲ್ಲಿಯ ಮಲಪ್ರಭಾ ನೀರು ಒಳ್ಳೆಯದು, ಬೋರ್ ನೀರು ಬಿಳಿ ಕಲೆ ಬಿಡುತ್ತದೆ. ಮೆತ್ತನೆ ಬಟ್ಟೆ ಸಾಕು. ಪ್ಯಾನೆಲ್ ಮೇಲೆ ಕಾಲಿಡಬೇಡಿ.

ವಯಸ್ಸಾದವರು ದಯವಿಟ್ಟು ಏಣಿ ಹತ್ತಬೇಡಿ. ಗುಂಪಿನಲ್ಲಿ ಒಂದು ಮಾತು ಹಾಕಿ, ಭಾನುವಾರ ಬೆಳಿಗ್ಗೆ ನಾವೇ ಬರುತ್ತೇವೆ.