38 ರೂಪಾಯಿ, 13 ಆಣೆ, 2 ಪೈ

ಆತ್ಮೀಯ ಓದುಗರೇ,

ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ ಅಜ್ಜನ ಮರದ ಪೆಟ್ಟಿಗೆಯನ್ನು ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಜಮೀನಿನ ಹಳೆಯ ಕಾಗದಗಳು, ಗೆದ್ದಲು ತಿಂದ ಒಂದು ಪಂಚಾಂಗ, ಅವುಗಳ ಅಡಿಯಲ್ಲಿ ಒಂದು ಪಿಗ್ಮಿ ಪಾಸ್‌ಬುಕ್ಕು, ಅಂದರೆ ದಿನದಿನವೂ ಚಿಲ್ಲರೆ ಕಟ್ಟಿ ಉಳಿಸುವ ಖಾತೆಯ ಪುಸ್ತಕ. ಪುಟಪುಟದಲ್ಲೂ ಒಂದೇ ಕೈಯ ಅಕ್ಷರ, ಒಂದೇ ನೀಲಿ ಶಾಯಿ. ಮಳೆಗಾಲದ ದಿನಗಳೂ ತಪ್ಪಿಲ್ಲ. ಆ ಪುಸ್ತಕ ಕೊಟ್ಟ ಬ್ಯಾಂಕಿನ ಬೋರ್ಡು ಇವತ್ತು ಯಾವ ಊರಿನಲ್ಲೂ ಇಲ್ಲ. ಈ ಸಲದ ಸಂಪಾದಕೀಯಕ್ಕೆ ಬೇರೆ ವಿಷಯ ಬರೆದಿಟ್ಟಿದ್ದೆ. ಅದನ್ನು ಪಕ್ಕಕ್ಕಿಟ್ಟು ಇದನ್ನು ಬರೆಯುತ್ತಿದ್ದೇನೆ.

ನಮ್ಮ ನಾಡಿನಲ್ಲಿ ನೂರು ವರ್ಷ ದಾಟಿದ ಉದ್ಯಮಗಳ ವಿಚಾರ ಬಂದಾಗ ನನಗೆ ಮೊದಲು ನೆನಪಾಗುವುದು 1906ನೆಯ ಇಸವಿ. ಆ ವರ್ಷ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಒಂದು ಬ್ಯಾಂಕು ಕಟ್ಟಿದರು. ಬಂಡವಾಳ ಐದು ಸಾವಿರ ರೂಪಾಯಿ. ಮೊದಲ ದಿನದ ಕೊನೆಗೆ ಲೆಕ್ಕದಲ್ಲಿದ್ದದ್ದು 38 ರೂಪಾಯಿ, 13 ಆಣೆ, 2 ಪೈ. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ನಾವೆಲ್ಲ ಕರೆದದ್ದು ಇದನ್ನೇ. ಅದೇ ವರ್ಷ ಜುಲೈ 1ರಂದು ಮಂಗಳೂರಿನಲ್ಲಿ ವಕೀಲರಾಗಿದ್ದ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಆರಂಭಿಸಿದರು. 1910ರಲ್ಲಿ ಅದು ಕೆನರಾ ಬ್ಯಾಂಕ್ ಆಯಿತು. ಒಬ್ಬರು ಮುಸ್ಲಿಂ ವರ್ತಕರು, ಇನ್ನೊಬ್ಬರು ಹೆಣ್ಣುಮಕ್ಕಳಿಗೆಂದು ಶಾಲೆ ತೆರೆದ ಸಾರಸ್ವತ ವಕೀಲರು. ಒಂದೇ ಕರಾವಳಿಯಲ್ಲಿ, ನಾಲ್ಕು ತಿಂಗಳ ಒಳಗೆ, ಇಬ್ಬರಿಗೂ ಹೊಳೆದದ್ದು ಒಂದೇ ಉಪಾಯ: ಸಾಲಕ್ಕಾಗಿ ಸಾಹುಕಾರನ ಜಗಲಿಯಲ್ಲಿ ಕಾಯುವ ಜನರಿಗೆ ಅವರದೇ ಆದ ಒಂದು ಹಣದ ಪೆಟ್ಟಿಗೆ ಬೇಕು.

ಕಾಲವಾದರೂ ಎಂಥದು! ಅದೇ ಅಕ್ಟೋಬರಿನಲ್ಲಿ ಮದ್ರಾಸಿನ ಅರ್ಬತ್‌ನಾಟ್ ಕಂಪನಿ ದಿವಾಳಿಯೆದ್ದಿತು. ದೊಡ್ಡ ಆಂಗ್ಲ ಸಂಸ್ಥೆಯೆಂದು ನಂಬಿ ದುಡ್ಡು ಇಟ್ಟಿದ್ದ ಸಾವಿರಾರು ಮಂದಿ ಬೀದಿಗೆ ಬಿದ್ದರು. ನಮ್ಮ ಕರಾವಳಿ ಆಗ ಮದ್ರಾಸ್ ಪ್ರಾಂತ್ಯದ ಭಾಗ. ಆ ಸುದ್ದಿ ಮಂಗಳೂರಿಗೆ ತಲುಪಿದ ದಿನ, ಹುಟ್ಟಿ ನಾಲ್ಕು ತಿಂಗಳೂ ತುಂಬದ ಒಂದು ಫಂಡಿನ ಮೇಲೆ ಜನ ನಂಬಿಕೆ ಉಳಿಸಿಕೊಂಡರಲ್ಲ, ಅದು ನನಗೆ ಇವತ್ತಿಗೂ ಸೋಜಿಗ. ದೂರದ ದೊಡ್ಡ ಹೆಸರಿಗಿಂತ ಮುಖ ಕಂಡು ಗೊತ್ತಿರುವ ಮನುಷ್ಯ ಮೇಲು ಎಂದು ಅವರಿಗೆ ಅನಿಸಿರಬೇಕು.

ಅಜ್ಜನ ಪಾಸ್‌ಬುಕ್ಕಿನ ಕತೆ ಇದಕ್ಕಿಂತ ಸ್ವಲ್ಪ ಈಚಿನದು. 1925ರಲ್ಲಿ ಉಡುಪಿಯ ಕೈಮಗ್ಗದವರು ಕಷ್ಟಕ್ಕೆ ಸಿಕ್ಕಿದ್ದಾಗ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ. ಎಂ. ಎ. ಪೈಗಳು ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಶುರು ಮಾಡಿದ್ದು ಸಿಂಡಿಕೇಟ್ ಬ್ಯಾಂಕ್. ಮೂರು ವರ್ಷದ ಮೇಲೆ, 1928ರಲ್ಲಿ, ಪಿಗ್ಮಿ ಬಂತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಬ್ಯಾಂಕಿನವರೇ ಮನೆಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವವರಿಗೆ, ಓದು ಬರಹ ಬಾರದವರಿಗೆ, ಹೂವು ಮಾರುವ ಹೆಂಗಸಿಗೆ, ಹೋಟೆಲಿನ ಮಾಣಿಗೆ ಇದು ಎಷ್ಟು ದೊಡ್ಡ ಆಸರೆಯಾಗಿತ್ತು ಎಂಬುದನ್ನು ಕರಾವಳಿಯವರಿಗೆ ನಾನು ಹೇಳಬೇಕಾಗಿಲ್ಲ. ನಮ್ಮ ಮನೆಯಲ್ಲಿ ಸಂಜೆ "ಪಿಗ್ಮಿಯವರು ಬಂದ್ರು" ಎಂದರೆ ಅಜ್ಜಿ ಸೆರಗಿನ ಗಂಟು ಬಿಚ್ಚುತ್ತಿದ್ದರು. ಮಕ್ಕಳ ಶಾಲೆ ಫೀಸು, ಮಾಡಿನ ರಿಪೇರಿ, ಒಂದು ಮದುವೆ, ಎಲ್ಲ ಆ ಗಂಟಿನಿಂದಲೇ ನಡೆದವು.

1969ರಲ್ಲಿ ಕೆನರಾ ಮತ್ತು ಸಿಂಡಿಕೇಟ್, 1980ರಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಆಮೇಲೆ ವಿಲೀನಗಳ ಕಾಲ ಬಂತು. 1913ರಲ್ಲಿ ಮೈಸೂರು ಸಂಸ್ಥಾನದಲ್ಲಿ ಹುಟ್ಟಿದ ಬ್ಯಾಂಕ್ ಆಫ್ ಮೈಸೂರು, ಕೊನೆಗೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಆಗಿದ್ದದ್ದು, 2017ರ ಏಪ್ರಿಲ್ 1ರಂದು ಹೋಯಿತು. ಎರಡು ವರ್ಷ ಕಳೆದು ಅದೇ ತಾರೀಖಿಗೆ ವಿಜಯಾ. ಮರುವರ್ಷ ಅದೇ ತಾರೀಖಿಗೆ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಳಗೆ, ಸಿಂಡಿಕೇಟ್ ಬ್ಯಾಂಕು ಕೆನರಾದೊಳಗೆ ಸೇರಿದವು. ಸಿಂಡಿಕೇಟ್ ನೂರು ತುಂಬಲು ಐದೇ ವರ್ಷ ಬಾಕಿ ಇತ್ತು. ವಿಲೀನಕ್ಕೆ ಆರ್ಥಿಕ ಕಾರಣಗಳಿದ್ದವು, ಅವನ್ನು ನಾನು ತಳ್ಳಿಹಾಕುವುದಿಲ್ಲ. ಆದರೂ ನಾಲ್ಕೇ ವರ್ಷದಲ್ಲಿ ನಾಲ್ಕು ಹೆಸರುಗಳು ಅಳಿಸಿಹೋದದ್ದು ನನ್ನನ್ನು ನೋಯಿಸಿದೆ, ಅದನ್ನು ಮುಚ್ಚಿಡಲಾರೆ. ಸಮಾಧಾನವೆಂದರೆ ಪಿಗ್ಮಿ ಎಂಬ ಮಾತು ಹೋಗಿಲ್ಲ. ಊರಿನ ಸಹಕಾರ ಸಂಘಗಳಲ್ಲಿ ಜನ ಈಗಲೂ ಪಿಗ್ಮಿ ಕಟ್ಟುತ್ತಾರೆ. ಹುಟ್ಟಿಸಿದ ಬ್ಯಾಂಕಿಗಿಂತ ಆ ಮಾತಿಗೇ ಆಯುಸ್ಸು ಹೆಚ್ಚಾಯಿತು.

ಸ್ವಂತ ಹೆಸರಿನಲ್ಲೇ ನೂರು ಮುಟ್ಟಿದವೂ ಇವೆ. ಮಂಗಳೂರಿನ ಕರ್ಣಾಟಕ ಬ್ಯಾಂಕ್ 1924ರ ಫೆಬ್ರವರಿ 18ರಂದು ಹುಟ್ಟಿದ್ದು. ನಾಡು ಒಂದಾಗಲು ಇನ್ನೂ 32 ವರ್ಷ, ಅದಕ್ಕೆ ಕರ್ನಾಟಕವೆಂದು ಹೆಸರಿಡಲು 49 ವರ್ಷ ಇದ್ದಾಗ ಮದ್ರಾಸ್ ಪ್ರಾಂತ್ಯದ ಒಂದು ಪಟ್ಟಣದ ಜನ ತಮ್ಮ ಬ್ಯಾಂಕಿಗೆ ಇಟ್ಟುಕೊಂಡ ಹೆಸರು ಅದು. ಕನ್ನಡ ಸಂಘ ಕಟ್ಟಿಕೊಂಡಿರುವ ನಾವು ಇದನ್ನು ಅಗತ್ಯವಾಗಿ ನೆನಪಿಡಬೇಕು.

ಮುಂಬಯಿ ಪ್ರಾಂತ್ಯದಲ್ಲಿದ್ದ ಕನ್ನಡಿಗರೂ ಸುಮ್ಮನೆ ಕೂತಿರಲಿಲ್ಲ. ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಹಕಾರ ಸಂಘಗಳ ಕಾಯಿದೆ ಬಂದು ಒಂದು ವರ್ಷವಷ್ಟೇ ಆಗಿತ್ತು. ಭಾರತದಲ್ಲೇ ಮೊದಲನೆಯದೆಂದು ಅದನ್ನು ಗುರುತಿಸುತ್ತಾರೆ.

ಇನ್ನು ಮೈಸೂರು. ಮೊದಲ ಮಹಾಯುದ್ಧ ಶುರುವಾಗಿ ಹಡಗುಗಳು ನಿಂತಾಗ ಯೂರೋಪಿಗೆ ಹೋಗಬೇಕಿದ್ದ ಗಂಧದ ಮರ ಇಲ್ಲೇ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರು ಎಣ್ಣೆಯನ್ನು ನಾವೇ ತೆಗೆಯೋಣ ಎಂದು ಹೊರಟರು. 1916ರಲ್ಲಿ ಬೆಂಗಳೂರಿನಲ್ಲಿ ಕೆಲಸ ಆರಂಭವಾಯಿತು, ಮರುವರ್ಷ ಮೈಸೂರಿನಲ್ಲಿ ಕಾರ್ಖಾನೆ ಎದ್ದಿತು. ಅದರ ಬೆನ್ನಿಗೇ ಸಾಬೂನು ಬಂತು. ಅದನ್ನು ರೂಪಿಸಿದವರು ಎಸ್. ಜಿ. ಶಾಸ್ತ್ರಿಗಳು. ಆನೆಯ ತಲೆ, ಸಿಂಹದ ಮೈಯ ಶರಭದ ಗುರುತು ಇವತ್ತಿಗೂ ಅದರ ಮೇಲಿದೆ. ಊರಿಂದ ಬರುವಾಗ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಒಂದು ಮೈಸೂರು ಸ್ಯಾಂಡಲ್ ಇಟ್ಟುಕೊಳ್ಳದವರು ನಮ್ಮ ಸಂಘದಲ್ಲಿ ಎಷ್ಟು ಜನ ಸಿಕ್ಕಾರು?

ಬೆಂಗಳೂರಿನ ಎಂಟಿಆರ್ ಹೋಟೆಲು ಕೂಡ ಕರ್ಣಾಟಕ ಬ್ಯಾಂಕಿನಂತೆ 1924ರದ್ದೇ. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ರವೆ ಇಡ್ಲಿ ಮಾಡಿದ ಮನೆ. ಪೊಟ್ಟಣದ ವ್ಯಾಪಾರ 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿಗೆ ಹೋಯಿತು, ಹೋಟೆಲು ಮಯ್ಯರ ಮನೆತನದಲ್ಲೇ ಉಳಿಯಿತು.

ಉಳಿಯದವರ ನೆನಪೂ ನನ್ನನ್ನು ಕಾಡುತ್ತದೆ. ಮಂಗಳೂರು ಹಂಚು ಗೊತ್ತಲ್ಲ? 1865ರಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಬೆಳೆದ ಉದ್ಯಮ ಅದು. ನೇತ್ರಾವತಿ, ಗುರುಪುರ ನದಿಗಳ ಜೇಡಿಮಣ್ಣು ಸುಟ್ಟು ಕೆಂಪಾಗಿ ಹಡಗು ಹತ್ತಿ ದೂರದ ದೇಶಗಳ ಮಾಡು ಸೇರಿತು. ಬಳಿಕ ಕಾಂಕ್ರೀಟ್ ತಾರಸಿ ಬಂತು, ಒಳ್ಳೆಯ ಮಣ್ಣು ಸಿಗದಾಯಿತು, ಸೌದೆ ದುಬಾರಿಯಾಯಿತು. ಒಂದೊಂದೇ ಚಿಮಣಿ ಆರಿತು. ಮಿಶನ್ನು ಹೋದರೂ, ಕಾರ್ಖಾನೆಗಳು ಮುಚ್ಚಿದರೂ, ಹಳೆಯ ಮನೆಗಳ ಹಂಚನ್ನು ತಿರುವಿದರೆ ಅಚ್ಚೊತ್ತಿದ ಹೆಸರು ಅಳಿಸದೆ ನಿಂತಿದೆ.

ಅದಕ್ಕೇ ನಿಮ್ಮಲ್ಲಿ ಒಂದು ಕೋರಿಕೆ. ಈಗ ನಮ್ಮ ಹಳೆಯ ಮನೆಗಳು ಒಂದೊಂದಾಗಿ ಮಾರಾಟವಾಗುತ್ತಿವೆ, ಪೆಟ್ಟಿಗೆಗಳು ಗುಜರಿಗೆ ಹೋಗುತ್ತಿವೆ. ಮುಂದಿನ ಸಲ ಊರಿಗೆ ಹೋದಾಗ ಪಾಸ್‌ಬುಕ್ಕು, ಅಂಗಡಿಯ ರಸೀದಿ, ಗೋಡೆ ಕ್ಯಾಲೆಂಡರು, ಹೆಸರೊತ್ತಿದ ಒಂದು ಹಂಚು, ಏನು ಸಿಕ್ಕರೂ ಫೋಟೋ ತೆಗೆಯಿರಿ. ಯಾರದು, ಯಾವ ಊರಿನದು, ಮನೆಯವರು ಏನೆಂದು ನೆನಪಿಸಿಕೊಂಡರು ಎಂದು ನಾಲ್ಕು ಸಾಲು ಬರೆದು ಕಳಿಸಿ. ಖಾತೆ ಸಂಖ್ಯೆ ಕಾಣದಂತೆ ಮುಚ್ಚಿ. ಮೂಲ ಪ್ರತಿ ನಿಮ್ಮ ಮನೆಯಲ್ಲೇ ಇರಲಿ. ರಾಜ್ಯೋತ್ಸವ ಸಂಚಿಕೆಯ ಎಂಟು ಪುಟಗಳನ್ನು ಇದಕ್ಕೆಂದೇ ಬಿಟ್ಟಿದ್ದೇವೆ. ಮೊದಲ ಪುಟದಲ್ಲಿ ಅಜ್ಜನ ನೀಲಿ ಶಾಯಿಯ ಪಾಸ್‌ಬುಕ್ಕು ಇರುತ್ತದೆ.

ನಿಮ್ಮ
ಸಂಪಾದಕ